ಬೆಟ್ಟಮ್ಮನ ಗಿಣ್ಣು ಹಾಲು

ಬೆಟ್ಟಮ್ಮ ಹಾಲಿಗೂ ನೀರು ಬೆರೆಸುತ್ತಿರಲಿಲ್ಲ, ಮಾತಿಗೂ ನೀರು ಬೆರೆಸುತ್ತಿರಲಿಲ್ಲ. ಹಾಲು ಗಟ್ಟಿಯಾಗಿದ್ದರೆ ಕೊಂಡವರಿಗೆ ಸುಖ. ಮಾತು ಅಷ್ಟೇ ಗಟ್ಟಿಯಾಗಿದ್ದರೆ ಕೇಳಿದವರಿಗೆ ಜೀರ್ಣವಾಗುವುದು ಕಷ್ಟ. ಬ್ಲಫ್ ಎಂಬ ಗುಡ್ಡದ ಮೇಲಿನ ಕ್ವಾರ್ಟರ್ಸಿನ ಹೆಂಗಸರು ಹಾಲಿನ ಆಸೆಗೆ ಮಾತನ್ನೂ ಸಹಿಸಿಕೊಂಡಿದ್ದರು.

ಅವಳು ಹುಟ್ಟಿದ್ದು, ಮದುವೆಯಾಗಿ ಹೋದದ್ದು ಎರಡೂ ಬೆಳಕವಾಡಿಯಲ್ಲೇ. ಆ ಬೀದಿಯಿಂದ ಈ ಬೀದಿಗೆ. ಗಂಡ ತೀರಿಹೋದ ಮೇಲೆ ಮೈದುನನ ಹೆಂಡತಿಯ ಹತ್ತಿರ ಮೂರು ವರ್ಷ ಜಗಳ ಕಾದು ನೋಡಿದಳು. ಆಮೇಲೆ ಒಂದು ದಿನ ತನ್ನ ಪಾಲಿನ ಎರಡು ಹಸುಗಳನ್ನು ಹೊಡೆದುಕೊಂಡು ಬಂದು, ಕ್ವಾರ್ಟರ್ಸಿನ ಹಿಂದಿನ ಹುಣಸೆಮರದ ಪಕ್ಕ ಒಂದು ಗುಡಿಸಲು, ಒಂದು ಕೊಟ್ಟಿಗೆ ಹಾಕಿಕೊಂಡಳು. ಕೆಳಗೆ ಕಣಿವೆಯಲ್ಲಿ ಕರೆಂಟು ತಯಾರಾಗುವ ಪವರ್ ಹೌಸು. ಮೇಲೆ ಅಲ್ಲಿ ಕೆಲಸ ಮಾಡುವವರ ಮನೆಗಳ ಸಾಲು. ಮನೆ ಮನೆಗೂ ದೀಪ ಉರಿಯುವ ಆ ಸಾಲಿನ ಬೆನ್ನಿಗೇ ಬೆಟ್ಟಮ್ಮ ಹತ್ತು ವರ್ಷ ಹರಳೆಣ್ಣೆ ದೀಪದಲ್ಲಿ ಬದುಕಿದಳು. ಅದರ ಬಗ್ಗೆ ಅವಳಿಗೆ ಬೇಜಾರಿರಲಿಲ್ಲ. "ಅಸೂಗೆ ಕರೆಂಟು ಯಾತಕ್ಕವ್ವ?" ಎನ್ನುತ್ತಿದ್ದಳು.

ಸಾಲಿನ ಹೆಂಗಸರು ಒಬ್ಬೊಬ್ಬರೂ ಒಂದೊಂದು ಊರಿನವರು. ಅತ್ತೆ, ಅಜ್ಜಿ ಎಲ್ಲ ಊರಿನಲ್ಲೇ ಉಳಿದು ಇವರು ಗಂಡನ ಕೆಲಸದ ಹಿಂದೆ ಬಂದವರು. ಮಗುವಿಗೆ ಹನ್ನೊಂದನೇ ದಿನ ಏನು ಮಾಡಬೇಕು, ಮೈಲಿಗೆ ಎಷ್ಟು ದಿನ, ತಿಥಿಯ ದಿನ ಯಾವ ತರಕಾರಿ ಕೂಡದು, ಇಂಥದ್ದನ್ನೆಲ್ಲ ಕೇಳುವುದಕ್ಕೆ ಮನೆಯಲ್ಲಿ ಹಿರಿಯರು ಇರಲಿಲ್ಲ. ಹಾಗಾಗಿ ಬೆಳಿಗ್ಗೆ ಪಾತ್ರೆ ಹಿಡಿದು ಬಾಗಿಲಿಗೆ ಬಂದವರು ಹಾಲಿನ ಜೊತೆ ಶಾಸ್ತ್ರವನ್ನೂ ಬೆಟ್ಟಮ್ಮನ ಹತ್ತಿರವೇ ಹಾಕಿಸಿಕೊಳ್ಳುತ್ತಿದ್ದರು. ಅವಳು ಹೇಳಿದ್ದೇ ಕಟ್ಟಳೆ. ಹೇಳುವುದಕ್ಕೆ ಅವಳಿಗೂ ಇಷ್ಟವೇ. ಯಾರಿಗೆ ಇಷ್ಟವಿರುವುದಿಲ್ಲ!

ಸಾಲಿನ ಕೊನೆಯ ಮನೆ ಇನ್ನಾಸಪ್ಪನದು. ಪವರ್ ಹೌಸಿನಲ್ಲಿ ಪಾಳಿಯ ಮೇಲೆ ಮೀಟರು ನೋಡುವ ಕೆಲಸ. ಮೈಸೂರಿನ ಕಡೆಯ ಕ್ರಿಸ್ತುವರ ಪೈಕಿ. ಆ ಸಾಲಿಗೆಲ್ಲ ಅದೊಂದೇ ಅಂಥ ಮನೆ. ಹೆಂಡತಿ ಜ್ಞಾನಮ್ಮ ಮಾತು ಕಡಿಮೆಯ ಹೆಂಗಸು. ಅವರಿಗೆ ಲೂರ್ದು ಅಂತ ಒಬ್ಬಳೇ ಮಗಳು. ಏಳು ವರ್ಷದ ಆ ಹುಡುಗಿ ದಿನಾ ಬೆಳಿಗ್ಗೆ ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ಕಾದಿರುತ್ತಿದ್ದಳು. ಬೆಟ್ಟಮ್ಮ ಅಳತೆ ಹಾಕಿದ ಮೇಲೆ "ಕೊಸರು?" ಎಂದು ಕೇಳಿ, ಕೊಸರು ಬಿದ್ದ ಹೊರತು ಒಳಗೆ ಹೋಗುತ್ತಿರಲಿಲ್ಲ.

ಆ ವರ್ಷ, ಅಂದರೆ ಸಾವಿರದ ಒಂಬೈನೂರ ನಲವತ್ತಮೂರನೇ ಇಸವಿ, ಶ್ರಾವಣದಲ್ಲಿ ಹುಡುಗಿಗೆ ಚಳಿಜ್ವರ ಬಂತು. ಚಳಿಜ್ವರ ಆ ಕಣಿವೆಗೆ ಹೊಸದಲ್ಲ. ಆದರೆ ಯುದ್ಧದಿಂದಾಗಿ ಕ್ವಿನೈನ್ ಎಲ್ಲೂ ಸಿಗುತ್ತಿರಲಿಲ್ಲ. ಇನ್ನಾಸಪ್ಪ ಮಳವಳ್ಳಿಗೆ ಹೋದ, ಮಂಡ್ಯಕ್ಕೆ ಹೋದ, ಮೈಸೂರಿನಿಂದ ನಾಲ್ಕು ಮಾತ್ರೆ ತರುವ ಹೊತ್ತಿಗೆ ಮನೆಯ ಮುಂದೆ ಜನ ನಿಂತಿದ್ದರು. ಹುಡುಗಿಯನ್ನು ಅಲ್ಲೇ ಗುಡ್ಡದ ಓರೆಯಲ್ಲಿ ಮಣ್ಣು ಮಾಡಿದರು. ಬೆಟ್ಟಮ್ಮ ಬೇಲಿಯ ಆಚೆ ನಿಂತು ನೋಡಿದಳು. ಮಾರನೆಯ ದಿನದಿಂದ ಜ್ಞಾನಮ್ಮನೇ ಪಾತ್ರೆ ಹಿಡಿದು ಬರತೊಡಗಿದಳು. ಬೆಟ್ಟಮ್ಮ ಕೊಸರು ಹಾಕುವುದನ್ನು ನಿಲ್ಲಿಸಲಿಲ್ಲ. ಅದು ಯಾರಿಗೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಇನ್ನು ಐದಾರು ದಿನವಿದೆ ಎನ್ನುವಾಗ, ಜ್ಞಾನಮ್ಮ ಹಾಲು ಹಾಕಿಸಿಕೊಂಡ ಮೇಲೂ ಒಳಗೆ ಹೋಗದೆ ನಿಂತಳು.

"ಯಾಕವ್ವ ಗ್ಯಾನಮ್ಮ, ಇಂಗ್ ನಿಂತಿದ್ದೀಯೆ?"

"ಹಬ್ಬ ಬಂತಲ್ಲ ಬೆಟ್ಟಮ್ಮಾರೆ. ಊಟಕ್ಕೆ ಏನಾದ್ರೂ ಒಂದು ಸಿಹಿ ಆಗ್ಬೇಕು. ಕೈಗೆ ಜಾಸ್ತಿ ಕೆಲ್ಸ ಇರ್ಬಾರ್ದು. ಆದ್ರೆ ದಿನಾ ಮಾಡೋ ಹಂಗೂ ಇರ್ಬಾರ್ದು. ಏನ್ ಮಾಡ್ಲಿ ಹೇಳಿ?"

ಪ್ರತಿ ವರ್ಷ ಅವಳು ಮಾಡುತ್ತಿದ್ದದ್ದು ಕಲ್ಕಲ. ಮೈದಾ ಹಿಟ್ಟನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ, ಹೊಸ ಬಾಚಣಿಗೆಯ ಮೇಲೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕಕ್ಕೆ ಹಾಕುವುದು. ತಾಯಿ ಮಗಳು ಎದುರು ಬದುರು ಕುಳಿತು ಎರಡು ದಿನ ಸುತ್ತುತ್ತಿದ್ದರು. ಹಬ್ಬದ ದಿನ ಅದು ತಟ್ಟೆ ತಟ್ಟೆಯಾಗಿ ಸಾಲಿನ ಮನೆಗಳಿಗೆಲ್ಲ ಹೋಗುತ್ತಿತ್ತು. ದೊಡ್ಡವರು ಆ ಮನೆಯದನ್ನು ಬಾಯಿಗೆ ಹಾಕುತ್ತಿರಲಿಲ್ಲ. ಮಕ್ಕಳು ತಿಂದರೆ ದೋಷವಿಲ್ಲ ಎಂದು ಆಚೆ ಮುಖ ಮಾಡಿಕೊಂಡು ಸುಮ್ಮನಿರುತ್ತಿದ್ದರು. ಈ ವರ್ಷ ಮೈದಾ ಕಣ್ಣಿಗೆ ಬಿದ್ದಿರಲಿಲ್ಲ, ಸಕ್ಕರೆ ರೇಷನ್ನಿಗೆ ಹೋಗಿತ್ತು. ಇವೆರಡೂ ಇದ್ದಿದ್ದರೂ ಒಬ್ಬಳೇ ಕುಳಿತು ಸುತ್ತುವುದು ಜ್ಞಾನಮ್ಮನಿಂದ ಆಗುತ್ತಿರಲಿಲ್ಲ. ಸುಲಭದ್ದು ಬೇಕು ಎಂದು ಅವಳು ಕೇಳಿದ್ದು ಸೋಮಾರಿತನಕ್ಕಲ್ಲ.

ಬೆಟ್ಟಮ್ಮ ಅಳತೆಯ ಪಾವನ್ನು ಸೊಂಟಕ್ಕೆ ಆನಿಸಿಕೊಂಡು ಯೋಚಿಸಿದಳು. "ಪಾಯ್ಸ?" ಎಂದಳು. ಜ್ಞಾನಮ್ಮ ಅದು ದಿನದ್ದು ಎಂಬಂತೆ ತಲೆಯಾಡಿಸಿದಳು. "ಒಬ್ಬಟ್ಟು?" ಅದು ಒಂದು ಕೈಯ ಕೆಲಸವಲ್ಲ. "ಅಂಗಾರೆ ಕಜ್ಜಾಯ ಮಾಡ್ಬುಡು. ಅಕ್ಕಿ ಐತೆ, ಬೆಲ್ಲ ಐತೆ, ಮಂಡ್ಯದ ಸೀಮೇಲಿ ಬೆಲ್ಲಕ್ಕೇನು ಬರವೇ? ಒಂದು ಬಾಣ್ಲಿ ಎಣ್ಣೆ ಇಕ್ಕುದ್ರೆ..." ಅಷ್ಟು ಹೇಳಿದವಳು ನಾಲಿಗೆ ಕಚ್ಚಿಕೊಂಡಳು. ಬಾಣಲೆ ಎಂದ ಕೂಡಲೇ ಅವಳ ತಲೆಯಲ್ಲಿದ್ದ ಕಟ್ಟಳೆ ಎದ್ದು ಕುಳಿತಿತು.

"ಅಯ್ಯೋ, ನಂಗೇನ್ ಮಂಕು ಕವೀತು! ನಿಮ್ಮನೇಲಿ ಈ ವರ್ಸ ಬಾಣ್ಲಿ ಇಕ್ಕಂಗಿಲ್ಲ ಕಣವ್ವ. ಸಾವಾದ ಮನೇಲಿ ವರ್ಸ ತುಂಬಗಂಟ ಅಬ್ಬ ಮಾಡಕಿಲ್ಲ. ಅಕ್ಕಪಕ್ಕದೋರೇ ಸೀ ಮಾಡಿ ತಂದ್ ಕೊಡ್ಬೇಕು. ನೀನ್ ಒಲೆ ಮುಂದೆ ಕೂರಬ್ಯಾಡ."

ಜ್ಞಾನಮ್ಮ ಅವಳ ಮುಖವನ್ನೇ ನೋಡಿದಳು. ತಮ್ಮಲ್ಲಿ ಹಾಗಿಲ್ಲ, ಎಷ್ಟು ಕಷ್ಟವಿದ್ದರೂ ದೇವರು ಹುಟ್ಟಿದ ದಿನವನ್ನು ಬಿಡುವುದಿಲ್ಲ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಪಾತ್ರೆ ಹಿಡಿದು ಒಳಗೆ ಹೋದಳು.

ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ತಿಳಿಯುವುದು ಬೆಟ್ಟಮ್ಮನ ದೊಡ್ಡ ಕಾಯಿಲೆ. ಅವಳು ಆ ಕೊನೆಯ ಮನೆಯಿಂದ ತಿರುಗಿ ಬರುತ್ತಾ ಸಾಲಿನ ಒಂದೊಂದು ಬಾಗಿಲಲ್ಲೂ ನಿಂತಳು. "ಗ್ಯಾನಮ್ಮನ ಮನೇಲಿ ಈ ಸಲ ಅಬ್ಬ ಇಲ್ಲ ಕಣ್ರವ್ವ. ಐಕ್ಳ ಕಳಿಸ್ಬ್ಯಾಡಿ. ಅವಳಾಗೇ ಕರುದ್ರೂ ಕಳಿಸ್ಬ್ಯಾಡಿ, ಆ ಐಕ್ಳ ಮಕ ನೋಡಿ ನೊಂದ್ಕತಾಳೆ. ಅಬ್ಬ ಕಳೆದ್ಮೇಲೆ ನೀವೇ ಏನಾರ ಮಾಡಿ ಒಂದ್ ತಟ್ಟೆ ಕೊಟ್ ಬನ್ನಿ." ಇದು ಅವಳ ಮಾತು. ಫಿಟ್ಟರನ ಹೆಂಡತಿ ದೇವಿರಮ್ಮ, "ಎಷ್ಟು ತಿಳ್ಕೊಂಡಿದ್ದೀಯ ಬೆಟ್ಟಕ್ಕ, ನಮಗೆ ಹೊಳೀಲೇ ಇಲ್ಲ ನೋಡು" ಎಂದಳು. ಬೆಟ್ಟಮ್ಮ ಆ ದಿನ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಹಸುವಿಗೆ ಒಂದು ಹಿಡಿ ಹಿಂಡಿ ಹೆಚ್ಚಿಗೆ ಹಾಕಿದಳು.

ಇಪ್ಪತ್ನಾಲ್ಕನೇ ತಾರೀಖು ಬೆಳಗಿನ ಜಾವ ಅವಳ ಕೆಂದ ಹಸು ಕರು ಹಾಕಿತು. ಅದರ ಕೆಲಸ ಮುಗಿಸಿ, ಇನ್ನೊಂದು ಹಸುವಿನ ಹಾಲು ಕರೆದುಕೊಂಡು ಬರುವಾಗ ಹೊತ್ತಾಗಿತ್ತು. ಜ್ಞಾನಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು. ಪಾತ್ರೆ ಪಕ್ಕದಲ್ಲಿತ್ತು.

"ತಿಂಗಳ ಕೊನೆಗೆ ಹಾಲು ನಿಲ್ಲಿಸ್ಬಿಡಿ ಬೆಟ್ಟಮ್ಮಾರೆ," ಎಂದಳು.

"ಯಾಕವ್ವ? ಆಲು ಸಂದಾಗಿಲ್ವ?"

"ನಾವು ಇಲ್ಲಿಂದ ಹೋಗ್ತೀವಿ. ಅವರು ಅರ್ಜಿ ಬರೆದಿಟ್ಟಿದ್ದಾರೆ, ಹಬ್ಬ ಕಳೆದ ಮೇಲೆ ಆಫೀಸಿಗೆ ಕೊಡ್ತಾರೆ. ಬೆಂಗಳೂರಿಗೆ ಹಾಕಿಸ್ಕೊಳ್ತೀವಿ."

ಆಮೇಲೆ ಅವಳು ಒಂದೊಂದಾಗಿ ಹೇಳಿದಳು. ಈ ಸಲ ಸಿಹಿಯನ್ನು ತಟ್ಟೆಯಲ್ಲಿ ಕಳಿಸುವುದು ಬೇಡ, ಸಾಲಿನ ಮಕ್ಕಳನ್ನು ಮನೆಯೊಳಗೇ ಕೂರಿಸಿ ಬಡಿಸಬೇಕು ಎಂದು ಆಸೆಪಟ್ಟಿದ್ದಳು. ಅನ್ನ ಸಾರು ಅವರವರ ಮನೆಯಲ್ಲೇ ಉಂಡು ಬರಲಿ, ಸಿಹಿಗೆ ಮಾತ್ರ ಇಲ್ಲಿ ಕೂತರೆ ಸಾಕು. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಮಕ್ಕಳ ಸದ್ದಿಲ್ಲ. ಒಂದು ದಿನ ಆ ಸದ್ದು ಕೇಳಿದರೆ ಮುಂದೆ ಇಲ್ಲೇ ಬದುಕಬಹುದೇನೋ ಎಂದು ಅವಳಿಗೆ ಅನ್ನಿಸಿತ್ತು. ನಿನ್ನೆ ಸಂಜೆ ಬಾಗಿಲು ಬಾಗಿಲಿಗೂ ಹೋಗಿ ಕರೆದಳು. ಒಬ್ಬರೂ ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲ. ಒಬ್ಬಳು ನೆಲ ನೋಡಿದಳು, ಒಬ್ಬಳು ನೋಡೋಣ ಎಂದಳು, ದೇವಿರಮ್ಮ ಮಗನನ್ನು ಕೈ ಹಿಡಿದು ಒಳಕ್ಕೆ ಎಳೆದುಕೊಂಡಳು.

"ನನ್ನ ಮಗು ಹೋದ ಮನೆ ಅಂತ ಹೆದರಿಕೊಂಡಿದ್ದಾರೆ. ನನ್ನ ಕಾಲ್ಗುಣ ಅಂದ್ಕೊಂಡಿದ್ದಾರೆ. ಅಂಥವರ ಮಧ್ಯೆ ಹೆಂಗಿರ್ಲಿ? ಅವಳನ್ನ ಒಬ್ಬಳನ್ನೇ ಆ ಗುಡ್ಡದಲ್ಲಿ ಬಿಟ್ಟು ಹೋಗೋದೂ ಆಗಲ್ಲ, ಇಲ್ಲಿರೋದೂ ಆಗಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೆಟ್ಟಮ್ಮ ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದಳೋ. ಈಗ ಅದು ಅವಳದೇ ಎದೆಗೆ ಬಂದು ನಾಟಿತು. ಸುಮ್ಮನೆ ಹಾಲು ಹಾಕಿ ಹೋಗಿಬಿಡಬಹುದಿತ್ತು. ತಪ್ಪು ತನ್ನದೆಂದು ಜ್ಞಾನಮ್ಮನಿಗೆ ತಿಳಿಯುತ್ತಿರಲಿಲ್ಲ. ಆದರೆ ಹಾಗೆ ನುಂಗಿಕೊಳ್ಳುವುದು ಅವಳಿಗೆ ಬರುತ್ತಿರಲಿಲ್ಲ.

"ಅವರ ತಪ್ಪಲ್ಲ ಕಣವ್ವ," ಎಂದಳು. "ಕಳಿಸ್ಬ್ಯಾಡಿ ಅಂತ ನಾನೇ ಯೋಳಿದ್ದು."

ಜ್ಞಾನಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಬೆಟ್ಟಮ್ಮ ಎಲ್ಲವನ್ನೂ ಹೇಳಿದಳು. ವರ್ಷ ತುಂಬುವ ಕಟ್ಟಳೆಯನ್ನು, ಬಾಗಿಲು ಬಾಗಿಲಲ್ಲಿ ತಾನು ಆಡಿದ ಮಾತನ್ನು.

"ನಿಮ್ಮನ್ನ ಯಾರು ಕೇಳಿದ್ರು?" ಜ್ಞಾನಮ್ಮ ಎದ್ದು ನಿಂತಳು. ಅವಳ ದನಿ ಅಷ್ಟು ಏರಿದ್ದನ್ನು ಬೆಟ್ಟಮ್ಮ ಎಂದೂ ಕೇಳಿರಲಿಲ್ಲ. "ನನ್ನ ಮನೆಯ ದುಃಖಕ್ಕೆ ನಿಮ್ಮ ಊರಿನ ಕಟ್ಟಳೆ ಹಾಕೋಕೆ ನಿಮ್ಮನ್ನ ಯಾರು ಕೇಳಿದ್ರು?" ಬಾಗಿಲು ಹಾಕಿಕೊಂಡಳು. ಪಾತ್ರೆ ಮೆಟ್ಟಿಲ ಮೇಲೇ ಉಳಿಯಿತು. ಬೆಟ್ಟಮ್ಮ ಅದಕ್ಕೆ ಹಾಲು ಹಾಕಿ, ನೊಣ ಕೂರದ ಹಾಗೆ ಸೆರಗಿನ ತುಂಡು ಹರಿದು ಮುಚ್ಚಿ ಬಂದಳು.

ಆ ಸಂಜೆ ಸಾಲಿನ ಜನ ಒಂದು ಅಪರೂಪದ ನೋಟ ನೋಡಿದರು. ಹಾಲಿನ ಹೊತ್ತಲ್ಲದ ಹೊತ್ತಿನಲ್ಲಿ ಬೆಟ್ಟಮ್ಮ ಬರಿಗೈಲಿ ಬಂದು ಪ್ರತಿ ಬಾಗಿಲಲ್ಲೂ ನಿಂತು, "ಮೊನ್ನೆ ನಾನ್ ಯೋಳಿದ್ದು ತಪ್ಪಾಯ್ತು" ಎಂದಳು. ಹತ್ತು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಮಂಗಳವಾರಕ್ಕೆ ಬುಧವಾರ ಎಂದಾಗಲೂ ತಿದ್ದಿಕೊಂಡವಳಲ್ಲ.

ಆದರೆ ಕಟ್ಟಳೆಯನ್ನು ಕಲಿಸುವುದು ಸುಲಭ, ಮರೆಸುವುದು ಕಷ್ಟ. ದೇವಿರಮ್ಮ ಕೆನ್ನೆಗೆ ಕೈ ಹಚ್ಚಿಕೊಂಡಳು. "ಅದೆಂಗ್ ಬೆಟ್ಟಕ್ಕ? ಸಾವಿನ ಮನೇಲಿ ವರ್ಷದೊಳಗೆ ಹಬ್ಬದ ಸಿಹಿ ತಿಂದ್ರೆ ಮಕ್ಕಳಿಗೆ ಆಗಲ್ಲ ಅಂತ ನಮ್ಮಜ್ಜೀನೂ ಹೇಳೋದು. ನೀನೇ ಜ್ಞಾಪಿಸಿದೆ. ಈಗ ಕಳಿಸು ಅಂದ್ರೆ ನಮ್ಗೆ ಭಯ ಆಗಲ್ವ?"

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದುಕೊಂಡು ಬೆಟ್ಟಮ್ಮ ಹಿಂದಿರುಗಿ ಕೊಟ್ಟಿಗೆಗೆ ಬಂದಳು. ಕೆಂದ ಹಸು ಕರುವನ್ನು ನೆಕ್ಕುತ್ತಿತ್ತು. ಪಕ್ಕದ ಮಡಕೆಯಲ್ಲಿ, ಕರು ಕುಡಿದು ಮಿಕ್ಕ ಹಾಲು, ಹಳದಿಗೆ ತಿರುಗಿದ್ದ ಮಂದ ಹಾಲು ಇತ್ತು. ಈದ ಹಸುವಿನ ಮೊದಲ ಹಾಲು. ಅದನ್ನು ಬೆಟ್ಟಮ್ಮ ಯಾವತ್ತೂ ಮಾರಿದವಳಲ್ಲ. ಅವಳ ಕಡೆ ಯಾರೂ ಮಾರುವುದಿಲ್ಲ, ಹಂಚುತ್ತಾರೆ. ಅವಳು ಮಡಕೆಯನ್ನು ನೋಡಿದಳು, ಹಸುವನ್ನು ನೋಡಿದಳು, ಮತ್ತೆ ಸಾಲಿಗೆ ಓಡಿದಳು. ಓಡಿದಳು ಎಂದರೆ ಐವತ್ತು ದಾಟಿದ ಹೆಂಗಸು ಓಡುವ ಹಾಗೆ.

"ಲೇ ದೇವಿರಮ್ಮ! ಗಿಣ್ಣು ಅಬ್ಬದ ಸೀ ಏನೇ?"

"ಯಾವ ಗಿಣ್ಣು?"

"ನಮ್ಮ ಕೆಂದ ಈದೈತೆ. ಗಿಣ್ಣು ಮಾಡಾದು ಕರು ಉಟ್ಟಿದ್ದಕ್ಕೆ, ಅಬ್ಬಕ್ಕಲ್ಲ. ಎಣ್ಣೆ ಇಲ್ಲ, ಬಾಣ್ಲಿ ಇಲ್ಲ, ಅಬೇಲಿ ಬೇಯಾದು. ಗಿಣ್ಣಿಗೆ ಸೂತಕ ಇಲ್ಲ ಕಣೆ. ಯಾರ ಮನೇಲಿ ಬೇಯ್ಸುದ್ರೂ ತಿನ್ಬೈದು. ಬ್ಯಾಡ ಅನ್ನಕೂಡ್ದು, ಕರೂಗೆ ಕೇಡು."

ಈ ಕಟ್ಟಳೆ ಬೆಳಕವಾಡಿಯಲ್ಲಿ ನಿಜವಾಗಿಯೂ ಇತ್ತೋ, ಹುಣಸೆಮರದಿಂದ ಸಾಲಿನವರೆಗೆ ಓಡಿ ಬರುವಷ್ಟರಲ್ಲಿ ಹುಟ್ಟಿತೋ ಹೇಳಲಾರೆ. ದೇವಿರಮ್ಮನಿಗೂ ಅನುಮಾನ ಬಂದಿರಬೇಕು. ಆದರೆ ಒಂದು ಹೆದರಿಕೆ ಹೋಗಬೇಕಾದರೆ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಮಾತು ಬೇಕಿತ್ತು, ಅದು ಸಿಕ್ಕಿತು. "ನಾಳೆ ಮಧ್ಯಾಹ್ನ ಕಳಿಸ್ತೀನಿ" ಎಂದಳು. ಅವಳು ಒಪ್ಪಿದ ಮೇಲೆ ಉಳಿದವರು ಒಪ್ಪುವುದು ಕಷ್ಟವಾಗಲಿಲ್ಲ.

ಕ್ರಿಸ್ಮಸ್ಸಿನ ದಿನ ಬೆಳಿಗ್ಗೆ ಬೆಟ್ಟಮ್ಮ ಎರಡು ದಿನದ ಗಿಣ್ಣು ಹಾಲು, ಅದಕ್ಕೆ ಬೆರೆಸಲು ಮಾಮೂಲಿ ಹಾಲು, ಒಂದು ಅಚ್ಚು ಬೆಲ್ಲ ಹಿಡಿದು ಕೊನೆಯ ಮನೆಯ ಬಾಗಿಲಿಗೆ ಹೋದಳು. ಇನ್ನಾಸಪ್ಪನೂ ಜ್ಞಾನಮ್ಮನೂ ಚರ್ಚಿನ ಪೂಜೆ ಮುಗಿಸಿಕೊಂಡು ಆಗ ತಾನೇ ಬಂದಿದ್ದರು. ಕದ ತಟ್ಟಿದಾಗ ಜ್ಞಾನಮ್ಮನೇ ತೆರೆದಳು. ಮುಖ ಇನ್ನೂ ಬಿಗಿದುಕೊಂಡೇ ಇತ್ತು.

"ಸುಲಬ್ವಾಗಿರ್ಬೇಕು, ದಿನದಂಗಿರ್ಬಾರ್ದು ಅಂತ ಕೇಳಿದ್ಯಲ್ಲ," ಎಂದಳು ಬೆಟ್ಟಮ್ಮ. "ತಕ. ಇದುಕ್ಕಿಂತ ಸುಲಬ್ದು ಇಲ್ಲ. ಬೆಲ್ಲ ಕರಗ್ಸು, ಏಲಕ್ಕಿ ಕುಟ್ಟಾಕು, ಪಾತ್ರೆ ಮುಚ್ಚಿ ಅಬೇಲಿಡು. ಬೇಕು ಅಂದಾಗ್ಲೆಲ್ಲ ಸಿಕ್ಕದಲ್ಲ ಇದು, ಅಸ ಮನ್ಸು ಮಾಡ್ಬೇಕು. ಐಕ್ಳು ಬತ್ತಾರೆ. ನಾನು ಯೋಳಿ ಬಂದಿವ್ನಿ."

ಜ್ಞಾನಮ್ಮ ಹಾಲನ್ನು ನೋಡುತ್ತಾ ನಿಂತಳು. ಈ ಮಡಕೆಯನ್ನು ತಿರುಗಿ ಕೈಗೆ ಕೊಟ್ಟರೆ ಮತ್ತೆ ಈ ಬಾಗಿಲಿಗೆ ಬರುವ ಮುಖ ಬೆಟ್ಟಮ್ಮನಿಗಿರಲಿಲ್ಲ.

"ಕರು ಏನು?" ಎಂದು ಜ್ಞಾನಮ್ಮ ಕೇಳಿದಳು.

"ಎಣ್ಗರು."

ಜ್ಞಾನಮ್ಮ ಮಡಕೆ ತೆಗೆದುಕೊಂಡು ಒಳಗೆ ಹೋದಳು.

ಮಧ್ಯಾಹ್ನ ಮಕ್ಕಳು ಬಂದರು. ಮೊದಲು ಇಬ್ಬರು, ಬಾಗಿಲಲ್ಲಿ ಒಬ್ಬರನ್ನೊಬ್ಬರು ನೂಕಿಕೊಂಡು. ಆಮೇಲೆ ಒಟ್ಟಿಗೆ ಹತ್ತು. ತಾಯಂದಿರು ಹೊರಗೆ ಜಗಲಿಯ ಹತ್ತಿರ ನಿಂತರು, ಬೆಟ್ಟಮ್ಮನೂ ಅವರ ಜೊತೆಗೇ ನಿಂತಳು. ಗಿಣ್ಣು ಚೆನ್ನಾಗಿ ಕಟ್ಟಿಕೊಂಡಿತ್ತು. ಜ್ಞಾನಮ್ಮ ಚಾಕುವಿನಿಂದ ಕೊಯ್ದರೆ ತುಂಡು ತುಂಡಾಗಿ ನಡುಗುತ್ತಾ ಏಳುತ್ತಿತ್ತು. ಅವಳು ಗೋಡೆಯ ಉದ್ದಕ್ಕೂ ಮುತ್ತುಗದ ಎಲೆ ಹಾಸಿದ್ದಳು. ಮಕ್ಕಳು ಸದ್ದು ಮಾಡುತ್ತಾ ಕುಳಿತರು. ಅವಳು ಬಡಿಸುತ್ತಾ ಬಂದಳು. ಹನ್ನೆರಡು ಮಕ್ಕಳಿಗೆ ಬಡಿಸಿ, ಅದೇ ರೀತಿ ಬಗ್ಗಿ ಮುಂದಿನ ಎಲೆಗೂ ಒಂದು ತುಂಡು ಹಾಕಿದಳು. ಆ ಎಲೆಯ ಮುಂದೆ ಯಾರೂ ಇರಲಿಲ್ಲ.

ಎಣಿಸಿ ಹಾಸಿದ ಎಲೆಗಳೇ. ಆದರೆ ಏಳು ವರ್ಷ ತಟ್ಟೆ ಇಟ್ಟ ಕೈ ತನ್ನ ಲೆಕ್ಕವನ್ನು ತಾನೇ ಹಾಕಿಕೊಂಡಿತ್ತು. ಜ್ಞಾನಮ್ಮ ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು. ಚಿಕ್ಕವನೊಬ್ಬ ತಿನ್ನುವುದನ್ನು ನಿಲ್ಲಿಸಿ ಆ ಎಲೆಯನ್ನು ನೋಡಿದ. ಮೂಲೆಯಲ್ಲಿದ್ದ ಇನ್ನಾಸಪ್ಪ ಮುಖವನ್ನು ಗೋಡೆಗೆ ತಿರುಗಿಸಿಕೊಂಡ. ಹೊರಗೆ ದೇವಿರಮ್ಮ, "ಅಯ್ಯೋ ಶಿವನೇ, ಸತ್ತೋರಿಗೆ ಬಡಿಸಿದ್ಲು" ಎಂದು ಮೆಲ್ಲಗೆ ಹೇಳಿ ಮಗನನ್ನು ಕರೆಯಲು ಒಂದು ಹೆಜ್ಜೆ ಮುಂದಿಟ್ಟಳು. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು, ಆಮೇಲೆ ಆ ಮನೆ ನಿಲ್ಲುತ್ತಿರಲಿಲ್ಲ.

ಬೆಟ್ಟಮ್ಮ ದೇವಿರಮ್ಮನನ್ನು ಭುಜದಿಂದ ಸರಿಸಿಕೊಂಡು ಹೊಸ್ತಿಲು ದಾಟಿದಳು. ಅವಳ ವಂಶದಲ್ಲಿ ಇಂಥ ಮನೆಯೊಳಗೆ ಕೂತು ಉಂಡವರಿಲ್ಲ. ತಿಳಿದರೆ ಬೆಳಕವಾಡಿಯಲ್ಲಿ ಮೈದುನನ ಹೆಂಡತಿಗೆ ಒಂದು ವರ್ಷಕ್ಕಾಗುವಷ್ಟು ಮಾತು ಸಿಗುತ್ತಿತ್ತು. ಅದೆಲ್ಲ ಅವಳಿಗೆ ಗೊತ್ತಿತ್ತು. ಮೊಣಕಾಲು ಹಿಡಿದುಕೊಂಡು ಆ ಹದಿಮೂರನೇ ಎಲೆಯ ಮುಂದೆ ಕುಳಿತಳು.

"ನಂಗೊಂದ್ ಎಲೆ ಆಕಿದ್ಯಲ್ಲ, ಸರಿ ಬುಡು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. ಸಾವಕಾಶವಾಗಿ ತಿಂದಳು. "ಬೆಲ್ಲ ವಸಿ ಕಮ್ಮಿ ಆಗೈತೆ ಕಣವ್ವ."

ಒಂದು ಮಗು ಕಿಸಕ್ಕನೆ ನಕ್ಕಿತು. ಜ್ಞಾನಮ್ಮ ಅಲ್ಲೇ ನೆಲಕ್ಕೆ ಕುಸಿದು ಅತ್ತಳು. ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಬೆಟ್ಟಮ್ಮ ಎಡಗೈಯನ್ನು ಅವಳ ಬೆನ್ನ ಮೇಲಿಟ್ಟು ಬಲಗೈಯಲ್ಲಿ ಎಲೆಯನ್ನು ಖಾಲಿ ಮಾಡಿದಳು. ಮಕ್ಕಳು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಮತ್ತೆ ತಿನ್ನತೊಡಗಿದರು. ದೇವಿರಮ್ಮ ಮಗನನ್ನು ಕರೆಯಲಿಲ್ಲ.

ಉಳಿದ ಐದಾರು ದಿನ ಅರ್ಜಿಯ ವಿಷಯವನ್ನು ಯಾರೂ ಎತ್ತಲಿಲ್ಲ. ಕೇಳುವ ಧೈರ್ಯ ಬೆಟ್ಟಮ್ಮನಿಗೂ ಬರಲಿಲ್ಲ. ಹೊಸ ವರ್ಷದ ಮೊದಲ ದಿನ ಅವಳು ಸಾಲಿನ ಮನೆಗಳಿಗೆಲ್ಲ ಹಾಲು ಹಾಕಿ, ಕೊನೆಯ ಮನೆಗೆ ಹೋಗುವುದೋ ಬೇಡವೋ ಎಂದು ದೇವಿರಮ್ಮನ ಮನೆಯ ಮುಂದೆಯೇ ತಡೆದು ನಿಂತಳು. ನಿಲ್ಲಿಸಿ ಎಂದವರ ಬಾಗಿಲಿಗೆ ಹೋಗಿ ನಿಲ್ಲುವುದು ಹೇಗೆ? ಆದರೂ ಕಾಲುಗಳು ಆ ಕಡೆಗೇ ನಡೆದವು.

ಜ್ಞಾನಮ್ಮ ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

"ಯಾಕಿಷ್ಟು ಹೊತ್ತು ಮಾಡಿದ್ರಿ?" ಎಂದಳು.

ಬೆಟ್ಟಮ್ಮ ಅಳತೆ ಹಾಕಿದಳು, ಅದರ ಮೇಲೆ ಕೊಸರನ್ನೂ ಹಾಕಿದಳು.